ಬಿಸಿಲಿನ ಸುಸ್ತೇ ಅಂತ ಬಿಡಬೇಡಿ

ರಾಯಚೂರ ಬಿಸಿಲಿಗೆ ಸುಸ್ತಾಗದವರು ಯಾರು? ಆದ್ರೆ ಸುಸ್ತಿನ ಜೊತೆ ಅಂಗೈ ಗೆರೆ, ವಸಡು ಕಪ್ಪಾಗ್ತಿದ್ರೆ, ಬರೀ ಉಪ್ಪು ತಿನ್ನಬೇಕು ಅನ್ನಿಸ್ತಿದ್ರೆ ಬಿಸಿಲನ್ನ ಬೈಯೋದು ಬಿಟ್ಟು ರಕ್ತದಲ್ಲಿ ಬೆಳಿಗ್ಗೆ 8ರ ಕಾರ್ಟಿಸಾಲ್ (ಅಡ್ರಿನಲ್ ಗ್ರಂಥಿಯ ಹಾರ್ಮೋನು), ಎಸಿಟಿಎಚ್ (ಅದನ್ನ ಮಾಡು ಅಂತ ಆ ಗ್ರಂಥಿಗೆ ಹೇಳೋ ಹಾರ್ಮೋನು), ಸೋಡಿಯಂ, ಪೊಟ್ಯಾಸಿಯಂ ನೋಡಿಸ್ರಿ. ಅಡಿಸನ್ ಕಾಯಿಲೆ ಇರಬಹುದು, ಅಂದ್ರೆ ಮೂತ್ರಪಿಂಡದ ಮೇಲಿರೋ ಅಡ್ರಿನಲ್ ಗ್ರಂಥಿ ಸಾಕಷ್ಟು ಹಾರ್ಮೋನು ಮಾಡ್ತಿಲ್ಲ ಅಂತ. ನಮ್ಮಲ್ಲಿ ಇದಕ್ಕೆ ಟಿಬಿಯೂ ಕಾರಣ. ಸ್ವಯಂ-ನಿರೋಧಕ ಬಗೆಯಲ್ಲಿ ಮಾತ್ರ ದೇಹದ ಕಾವಲು ಕಣಗಳೇ ಅಡ್ರಿನಲ್‌ನಲ್ಲಿ ಹಾರ್ಮೋನು ತಯಾರಿಸೋ 21-ಹೈಡ್ರಾಕ್ಸಿಲೇಸ್ ಕಿಣ್ವವನ್ನ ವೈರಿ ಅಂದ್ಕೊಳ್ತವೆ. ಇಂಥವರ ಸಿಡಿ4 ಟಿ-ಕಣಗಳಲ್ಲಿ (ಕಾವಲು ಕಣಗಳ ಒಂದು ಬಗೆ) ಕೆಲವು ಜೀನ್‌ಗಳ ಮಿಥೈಲ್ ಗುರುತು, ಅಂದ್ರೆ ಜೀನನ್ನ ಸುಮ್ಮನಿರಿಸೋ ರಾಸಾಯನಿಕ ಬೀಗ, ಕಡಿಮೆ ಇರೋದು ಕಂಡಿದೆ. ಡಿಎನ್‌ಎ ಅಕ್ಷರ ಅದೇ, ಬೀಗ ಸಡಿಲ. ಇದು ರೋಗದ ಕಾರಣವೋ ಪರಿಣಾಮವೋ, ತಕರಾರು ಮುಗಿದಿಲ್ಲ.

ಗುಳಿಗೆಗೆ ತಕರಾರಿಲ್ಲ. ಕಾರ್ಟಿಸಾಲ್ ಬದಲಿಗೆ ದಿನಕ್ಕೆ ಹೈಡ್ರೊಕಾರ್ಟಿಸೋನ್ 15–25 ಮಿ.ಗ್ರಾಂ, ದೊಡ್ಡ ಪಾಲು ಎದ್ದ ಕೂಡಲೇ. ಜ್ವರಕ್ಕೆ ಡಾಕ್ಟರು ಹೇಳಿದಂತೆ ಎರಡು-ಮೂರು ಪಟ್ಟು. ವಾಂತಿಯಾಗಿ ಗುಳಿಗೆ ನಿಲ್ಲದಿದ್ರೆ ಕೂಡಲೇ ಹೈಡ್ರೊಕಾರ್ಟಿಸೋನ್ 100 ಮಿ.ಗ್ರಾಂ ಇಂಜೆಕ್ಷನ್, ಆಮೇಲೆ ಆಸ್ಪತ್ರೆ.