ಹೊಸ ಕಾಯಿಲ್ ಹಾಕಿದರೂ ಸೀದ ವಾಸನೆ

ಸಿಗರೇಟ್ ಬಿಟ್ಟು ವೇಪ್ (ನಿಕೋಟಿನ್ ಲಿಕ್ವಿಡ್ ಕಾಯಿಸಿ ಹೊಗೆ ಕೊಡುವ ಬ್ಯಾಟರಿ ಸಾಧನ) ಹಿಡಿದವರಿಗೆ ಅದರ ಕಾಯಿಲ್, ಅಂದರೆ ಹತ್ತಿಯಲ್ಲಿ ನೆನೆದ ಲಿಕ್ವಿಡ್ಡನ್ನು ಕಾಯಿಸುವ ಸಣ್ಣ ತಂತಿಸುರುಳಿ, ಕೆಟ್ಟರೆ ಅದು ಸಣ್ಣ ತೊಂದರೆ ಅಲ್ಲ. ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಮನೆಯಿಂದ ಇಳಿದು ರಸ್ತೆ ದಾಟಿದರೆ ಅಂಗಡಿ, ಅಲ್ಲಿ ಸಿಗರೇಟ್ ಸಿಗುತ್ತದೆ. ಕೈಯಲ್ಲಿರುವ ಸಾಧನ ಕೈಕೊಟ್ಟ ರಾತ್ರಿ ಆ ಅಂಗಡಿ ತುಂಬಾ ಹತ್ತಿರ ಅನ್ನಿಸುತ್ತದೆ.

ಕಳೆದ ಚಳಿಗಾಲದಲ್ಲಿ ಹಾಗೇ ಆಯಿತು. ಐದು ಕಾಯಿಲ್ ಇರುವ ಹೊಸ ಪ್ಯಾಕ್ ತಂದಿದ್ದೆ, ಮೇಲೆ 1.8 ಓಂ ಅಂತ ಅಚ್ಚಾಗಿತ್ತು, ಅದು ತಂತಿ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ. ಮೊದಲನೆಯದನ್ನು ಹಾಕುವ ಮುಂಚೆ ಒಳಗಿನ ಹತ್ತಿಗೆ ನಾಲ್ಕು ಹನಿ ಲಿಕ್ವಿಡ್ ಬಿಟ್ಟು, ಟ್ಯಾಂಕ್ ತುಂಬಿಸಿ, ಊಟ ಮುಗಿಯುವ ತನಕ ಹಾಗೇ ಇಟ್ಟಿದ್ದೆ. ಹತ್ತಿ ಚೆನ್ನಾಗಿ ನೆನೆಯಲಿ ಅಂತ. ಆಮೇಲೆ ಒಂದು ದಮ್ ಎಳೆದರೆ ಗಂಟಲಿಗೆ ನೇರವಾಗಿ ಸೀದ ಹತ್ತಿಯ ರುಚಿ, ಕೆಮ್ಮು ನಿಲ್ಲಲೇ ಇಲ್ಲ. ಎರಡನೆಯದನ್ನು ಹಾಕಿದೆ. ಅದು ಗೊರಗೊರ ಅಂತು, ಬಾಯಿಗೆ ಲಿಕ್ವಿಡ್ ಬಂತು, ಕೆಳಗಿನ ಗಾಳಿ ತೂತಿನಿಂದ ಬೆರಳಿಗೆಲ್ಲ ಅಂಟಿಕೊಂಡಿತು. ಮೂರನೆಯದಕ್ಕೆ ಬಟನ್ ಒತ್ತಿದರೆ ದೀಪ ಮಿಣುಕಿ ಆರಿತು, ಅಷ್ಟೇ.

ನನ್ನ ಹೆಂಡತಿ ನೋಡುತ್ತಾ ಕೂತಿದ್ದಳು. "ರೀ, ಅದು ಸರಿಯಾಗದಿದ್ರೆ ಮತ್ತೆ ಸಿಗರೇಟ್ ತರ್ತೀರಾ?" ಅಂದಳು. ಕೋಪ ಇರಲಿಲ್ಲ, ಭಯ ಇತ್ತು. ಅದಕ್ಕೇ ಆ ರಾತ್ರಿ ಪಟ್ಟು ಹಿಡಿದು ಕೂತೆ.

ಇಂಥ ಹೊತ್ತಲ್ಲಿ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಟ್ಟಿದೆ ಅಂತ ಗೊತ್ತೇ ಆಗಲ್ಲ. ಒಂದೊಂದೇ ನೋಡಬೇಕು. ಲಿಕ್ವಿಡ್ ಹಳೆಯ ಬಾಟಲಿಯದೇ, ಅದರಲ್ಲಿ ವಿಜಿ (ವೆಜಿಟಬಲ್ ಗ್ಲಿಸರಿನ್) ಜಾಸ್ತಿ ಇದ್ದಿದ್ದರೆ ದಪ್ಪಗಾಗಿ ಈ ಸಣ್ಣ ಕಾಯಿಲ್‌ನ ತೂತಿಗೆ ಇಳಿಯುತ್ತಿರಲಿಲ್ಲ, ಆದರೆ ಇದರಲ್ಲಿ ವಿಜಿ ಅರ್ಧದಷ್ಟೇ, ತೆಳ್ಳಗೇ ಇತ್ತು. ಬ್ಯಾಟರಿಯ ನಡುವಿನ ಪಿನ್ನನ್ನು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿದೆ. ಆಮೇಲೆ ತೆಗೆದಿಟ್ಟಿದ್ದ ಹಳೆಯ ಕಾಯಿಲ್ಲನ್ನೇ ಮತ್ತೆ ಹಾಕಿದೆ. ರುಚಿ ಸಪ್ಪೆ, ಆದರೆ ಹೊಗೆ ಸರಿಯಾಗಿ ಬಂತು, ಸೋರಲೂ ಇಲ್ಲ. ಅಂದರೆ ಬ್ಯಾಟರಿ, ಟ್ಯಾಂಕ್, ಲಿಕ್ವಿಡ್ ಮೂರೂ ಸರಿ ಇವೆ. ತಪ್ಪು ಹೊಸ ಪ್ಯಾಕಿನಲ್ಲೇ.

ಓಂ ಅಳೆಯುವ ಮಲ್ಟಿಮೀಟರ್ ತೆಗೆದೆ. ಮೊದಲು ಅದರ ಎರಡೂ ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ ನೋಡಬೇಕು, ಆ ತಂತಿಗಳದೇ ಒಂದಿಷ್ಟು ಓಂ ಇರುತ್ತದೆ, ಅದನ್ನು ಕಳೆಯಬೇಕು. ಇಷ್ಟು ಸಣ್ಣ ಅಳತೆಯಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ. ಒಂದು ಕಡ್ಡಿ ಕಾಯಿಲ್‌ನ ಹೊರಗಿನ ಲೋಹಕ್ಕೆ, ಇನ್ನೊಂದು ತಳದ ಪಿನ್ನಿಗೆ. ಸೀದ ವಾಸನೆಯ ಕಾಯಿಲ್ 1.2 ತೋರಿಸಿತು! ಬ್ಯಾಟರಿ 3.7 ವೋಲ್ಟ್ ಕೊಟ್ಟರೆ 1.8 ಓಂಗೆ ಸುಮಾರು 7.6 ವ್ಯಾಟ್, ಅದೇ 1.2 ಆದರೆ 11.4. ಹತ್ತಿ ಲಿಕ್ವಿಡ್ ಎಳೆದುಕೊಳ್ಳುವುದಕ್ಕಿಂತ ಬೇಗ ತಂತಿ ಅದನ್ನು ಒಣಗಿಸಿಬಿಡುತ್ತದೆ, ಆಮೇಲೆ ಹತ್ತಿಯೇ ಸೀಯುತ್ತದೆ. ನೆನೆಸಿಟ್ಟು ಏನು ಪ್ರಯೋಜನ, ಅಲ್ವಾ?

ಮಿಣುಕಿ ಆರಿದ ಕಾಯಿಲ್‌ಗೆ ಮೀಟರ್‌ನಲ್ಲಿ ಅಂಕಿಯೇ ಬರಲಿಲ್ಲ. ಅದನ್ನು ಬಿಚ್ಚಿದೆ. ಚೂಪು ಮೂತಿಯ ಇಕ್ಕಳದಿಂದ ತಳದ ಪಿನ್ ಎಳೆದರೆ ಹಿಂದೆಯೇ ಅಕ್ಕಿಕಾಳಿನಷ್ಟು ಬಿಳಿ ರಬ್ಬರ್ ಬಂತು. ತಂತಿಯ ಒಂದು ಕಾಲು ರಬ್ಬರ್‌ಗೂ ಪಿನ್ನಿಗೂ ನಡುವೆ ಸಿಕ್ಕಿಕೊಂಡಿರಬೇಕು, ಇನ್ನೊಂದು ರಬ್ಬರ್‌ಗೂ ಹೊರಗಿನ ಲೋಹಕ್ಕೂ ನಡುವೆ. ಇಲ್ಲಿ ಒಂದು ಕಾಲನ್ನು ಮೋಟಾಗಿ ಕತ್ತರಿಸಿದ್ದರು, ಅದು ಪಿನ್ನಿನವರೆಗೆ ತಲುಪಿಯೇ ಇರಲಿಲ್ಲ. ಸೋರುತ್ತಿದ್ದುದರ ರಬ್ಬರ್ ರಿಂಗ್‌ನಲ್ಲಿ ಕೂದಲೆಳೆಯಷ್ಟು ಸೀಳು, ಉಗುರಿನಿಂದ ಅಗಲಿಸಿದರೆ ಮಾತ್ರ ಕಾಣುತ್ತಿತ್ತು. ಜನರು ಉಸಿರಿನ ಜೊತೆ ಒಳಗೆ ಎಳೆಯುವ ವಸ್ತು ಇದು. ಇಷ್ಟು ಉಡಾಫೆಯಿಂದ ಮಾಡುತ್ತಾರಲ್ಲ ಅಂತ ನಿಜವಾಗಿಯೂ ಸಿಟ್ಟು ಬಂತು. ಇಲ್ಲಿ ನಿಯಮಗಳೇನೂ ಕಡಿಮೆ ಇಲ್ಲ. ಟ್ಯಾಂಕ್ 2 ಮಿಲೀ ದಾಟಬಾರದು, ನಿಕೋಟಿನ್ ಮಿಲೀಗೆ 20 ಮಿಗ್ರಾಂ ದಾಟಬಾರದು.

ಊರಿನಿಂದ ಫೋನ್ ಮಾಡುವ ಗೆಳೆಯರು ಈ ಕಥೆ ಕೇಳಿ "ನಮಗೂ ಒಂದು ತಂದುಕೊಡು" ಅನ್ನುತ್ತಾರೆ. ಆಗಲ್ಲ. ಭಾರತದಲ್ಲಿ 2019ರಿಂದ ಇದಕ್ಕೆ ನಿಷೇಧ ಇದೆ, ಊರಿಗೆ ಹೋಗುವಾಗ ನಾನೂ ಒಯ್ಯುವುದಿಲ್ಲ.

ಮಾರನೇ ದಿನ ಬಿಲ್, ಪ್ಯಾಕ್, ಬಿಚ್ಚಿದ ತುಂಡುಗಳು ಎಲ್ಲವನ್ನೂ ಕವರಿನಲ್ಲಿ ಹಾಕಿಕೊಂಡು ಅಂಗಡಿಗೆ ಹೋದೆ. ಕೌಂಟರಿನ ಹುಡುಗ "ತೆರೆದ ಕಾಯಿಲ್ ವಾಪಸ್ ತಗೊಳ್ಳಲ್ಲ" ಅಂದ. ಬಳಸಿದ ಕಾಯಿಲ್ ಅವರು ಮತ್ತೆ ಮಾರುವ ಹಾಗಿಲ್ಲ, ಅದು ಸರಿ. ಆದರೆ ಇಲ್ಲಿನ 2015ರ ಗ್ರಾಹಕ ಹಕ್ಕು ಕಾಯ್ದೆಯಲ್ಲಿ ದೋಷವಿರುವ ವಸ್ತುವನ್ನು 30 ದಿನದೊಳಗೆ ಹಿಂದಿರುಗಿಸಿ ಹಣ ಕೇಳಬಹುದು. ಅದನ್ನೇ ಮೆಲ್ಲಗೆ ಹೇಳಿ, ಜೇಬಿನಿಂದ ಮೀಟರ್ ತೆಗೆದು 1.2 ತೋರಿಸಿದೆ. ಅವನು ಒಳಗೆ ಹೋಗಿ ಮಾಲೀಕರನ್ನು ಕರೆತಂದ. ಅವರು ಹೆಚ್ಚು ಮಾತಾಡಲಿಲ್ಲ, ಬೇರೆ ಪೆಟ್ಟಿಗೆಯಿಂದ ಒಂದು ಪ್ಯಾಕ್ ತೆಗೆದು, "ಅಳೆದು ನೋಡಿಯೇ ತಗೊಳ್ಳಿ" ಅಂದರು. ಕೌಂಟರಿನ ಮೇಲೆಯೇ ಅಳೆದೆ. ಐದೂ 1.7 ಮತ್ತು 1.9ರ ನಡುವೆಯೇ ಬಂದವು.