ಒಬ್ಬರೇ ಇರುವವರ ಕಿಮೋ ಮತ್ತು ರೇಡಿಯೇಷನ್: ವಾರ್ಡಿನಲ್ಲಿ ಕಲಿತದ್ದು

ಕ್ಯಾನ್ಸರ್ ಚಿಕಿತ್ಸೆಯ ಡೇ ಕೇರ್ ವಾರ್ಡಿನಲ್ಲಿ ನಾನು ಹಲವು ವರ್ಷಗಳಿಂದ ನರ್ಸ್ ಆಗಿ ಕೆಲಸ ಮಾಡುತ್ತಿದ್ದೇನೆ. ಬೆಳಿಗ್ಗೆ ಬಂದು ಡ್ರಿಪ್ ಹಾಕಿಸಿಕೊಂಡು ಸಂಜೆ ಮನೆಗೆ ಹೋಗುವವರೇ ಇಲ್ಲಿ ಹೆಚ್ಚು. ಔಷಧ ನಮ್ಮ ಕಣ್ಣೆದುರಿಗೇ ದೇಹ ಸೇರುತ್ತದೆ; ಅದರ ತೊಂದರೆಗಳು ಮಾತ್ರ ನಮ್ಮ ಕಣ್ಣಿಗೆ ಬೀಳದ ಮನೆಗಳಲ್ಲಿ ಶುರುವಾಗುತ್ತವೆ. ಹೊರಡುವಾಗ ನಾವು ಕೊಡುವ ಸೂಚನಾ ಹಾಳೆ ಮನೆಯಲ್ಲಿ ಇನ್ನೊಬ್ಬರಿದ್ದಾರೆ ಎಂದುಕೊಂಡೇ ಬರೆದದ್ದು. ‘ರೋಗಿಯ ಮಾತು ತೊದಲಿದರೆ ಕರೆತನ್ನಿ’, ‘ರಾತ್ರಿ ಜ್ವರ ಬಂದರೆ ತಿಳಿಸಿ’ ಎಂಬ ಸಾಲುಗಳನ್ನು ಒಬ್ಬರೇ ವಾಸಿಸುವವರು ಓದಿದಾಗ, ಅವು ಯಾರಿಗೆ ಹೇಳಿದ ಮಾತುಗಳು ಎಂಬುದೇ ತಿಳಿಯುವುದಿಲ್ಲ.

ಜೊತೆಗಿರುವವರು ಮಾಡುವ ಕೆಲಸವನ್ನು ಬಿಡಿಸಿ ನೋಡಿದರೆ ಅದರಲ್ಲಿ ಮೂರು ಭಾಗಗಳಿವೆ: ಗಮನಿಸುವುದು, ತೀರ್ಮಾನಿಸುವುದು ಮತ್ತು ಮಾಡುವುದು. ಅಡುಗೆ, ಬಟ್ಟೆ, ಓಡಾಟ ಮುಂತಾದ ಮಾಡುವ ಕೆಲಸಗಳ ಬಗ್ಗೆಯೇ ಎಲ್ಲರೂ ಚಿಂತಿಸುತ್ತಾರೆ, ಆದರೆ ಅವನ್ನು ಇತರರಿಗೆ ಹಂಚಬಹುದು, ಮುಂದಕ್ಕೆ ಹಾಕಬಹುದು, ಕೆಲವನ್ನು ಬಿಟ್ಟೂ ಬಿಡಬಹುದು. ಗಮನಿಸುವ ಕೆಲಸ ಹಾಗಲ್ಲ. ಮೈ ಬಿಸಿಯಾಗಿದೆ, ಮುಖ ಬಿಳಚಿಕೊಂಡಿದೆ, ನಿನ್ನೆಯಿಂದ ಏನೂ ಕುಡಿದಿಲ್ಲ ಎಂದು ಹೇಳುವ ಎರಡನೆಯ ಜೊತೆ ಕಣ್ಣು ಇಲ್ಲದಿರುವುದೇ ಒಬ್ಬರೇ ಇರುವವರ ನಿಜವಾದ ಅಪಾಯ ಎಂಬುದು ನನ್ನ ಅನುಭವ. ಆದ್ದರಿಂದ ಮೊದಲು ಏರ್ಪಾಡು ಮಾಡಬೇಕಾದದ್ದು ಆ ಕಣ್ಣಿನದು.

ಜ್ವರದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಕಿಮೋ ಔಷಧಗಳು ವೇಗವಾಗಿ ವಿಭಜನೆಯಾಗುವ ಜೀವಕೋಶಗಳನ್ನು ಹೊಡೆಯುತ್ತವೆ. ರಕ್ತಕಣಗಳನ್ನು ತಯಾರಿಸುವ ಮೂಳೆಮಜ್ಜೆಯ ಕೋಶಗಳೂ ಅಂಥವೇ ಆದ್ದರಿಂದ ಸೋಂಕಿನ ವಿರುದ್ಧ ಮೊದಲು ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಕಡಿಮೆಯಾಗುತ್ತವೆ. ಅನೇಕ ಔಷಧಗಳಲ್ಲಿ ಡ್ರಿಪ್ ಹಾಕಿದ 7ರಿಂದ 14ನೆಯ ದಿನದ ನಡುವೆ ಅವುಗಳ ಸಂಖ್ಯೆ ಅತ್ಯಂತ ಕೆಳಗಿಳಿಯುತ್ತದೆ. ಅಷ್ಟು ಹೊತ್ತಿಗೆ ವಾಂತಿ ನಿಂತಿರುತ್ತದೆ, ಊಟ ಸೇರುತ್ತಿರುತ್ತದೆ, ಕಷ್ಟದ ದಿನಗಳು ಕಳೆದವು ಎಂಬ ಧೈರ್ಯವೂ ಬಂದಿರುತ್ತದೆ. ಆ ದಿನಗಳಲ್ಲಿ ಮೈ ಬಿಸಿ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದು ತುರ್ತು ಸ್ಥಿತಿ. ಬೆಳಗಾಗಲಿ ಎಂದು ಕಾಯುವಂತಿಲ್ಲ. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ರಕ್ತನಾಳಕ್ಕೆ ಹೋಗಬೇಕು ಎಂಬ ಗುರಿಯಿಟ್ಟುಕೊಂಡು ನಾವು ಓಡಾಡುವುದು ಇದೇ ಕಾರಣಕ್ಕೆ.

ಮನೆಯಲ್ಲಿ ಇನ್ನೊಬ್ಬರಿದ್ದರೆ ಹಣೆ ಮುಟ್ಟಿ ನೋಡುತ್ತಾರೆ. ಒಬ್ಬರೇ ಇದ್ದವರು ಚಳಿಯಾಯಿತೆಂದು ಹೊದ್ದು ಮಲಗಿಬಿಡುತ್ತಾರೆ, ಅಥವಾ ಮೈಕೈ ನೋವೆಂದು ಪ್ಯಾರಾಸಿಟಮಾಲ್ ನುಂಗುತ್ತಾರೆ. ಆ ಮಾತ್ರೆ ಜ್ವರವನ್ನು ಇಳಿಸಿ ಸೋಂಕನ್ನು ಮರೆಮಾಡುವುದರಿಂದ ಮೊದಲು ಥರ್ಮಾಮೀಟರ್, ನಮಗೆ ಫೋನ್, ಆಮೇಲೆ ಮಾತ್ರೆ ಎಂಬ ಕ್ರಮವನ್ನು ನಾನು ಪ್ರತಿಯೊಬ್ಬರಿಗೂ ಬಾಯಿಪಾಠವಾಗುವಷ್ಟು ಹೇಳುತ್ತೇನೆ. ಕಿಮೋ ಜೊತೆ ಕೊಡುವ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಕೂಡ ಜ್ವರವನ್ನು ಅಡಗಿಸಬಲ್ಲದು. ಹಾಗಾಗಿ ಜ್ವರವಿಲ್ಲದಿದ್ದರೂ ಮೈ ನಡುಗುವ ಚಳಿ ಬಂದರೆ ಫೋನ್ ಮಾಡಲೇಬೇಕು.

ನಮ್ಮಲ್ಲಿ ಚಿಕಿತ್ಸೆ ಪಡೆದ ನಿವೃತ್ತ ಶಿಕ್ಷಕಿಯೊಬ್ಬರು ಇದನ್ನು ನಿಭಾಯಿಸಿದ ರೀತಿಯನ್ನು ನಾನು ಈಗಲೂ ಇತರರಿಗೆ ಹೇಳುತ್ತೇನೆ. ದಿನಕ್ಕೆರಡು ಸಲ ಜ್ವರ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದರು, ಪಕ್ಕದಲ್ಲಿ ಅಂದು ಎಷ್ಟು ಲೋಟ ನೀರು ಕುಡಿದೆ, ಎಷ್ಟು ಸಲ ಮೂತ್ರಕ್ಕೆ ಹೋದೆ ಎಂಬುದನ್ನೂ ಗುರುತು ಮಾಡುತ್ತಿದ್ದರು. ಆಸ್ಪತ್ರೆಯ ಫೈಲು, ಔಷಧಗಳ ಪಟ್ಟಿ, ಒಂದು ಜೊತೆ ಬಟ್ಟೆ ಮತ್ತು ಫೋನ್ ಚಾರ್ಜರ್ ತುಂಬಿದ ಚೀಲ ಬಾಗಿಲ ಬಳಿ ಸದಾ ಸಿದ್ಧವಿರುತ್ತಿತ್ತು. ರಾತ್ರಿ ಕರೆದೊಯ್ಯಬೇಕಾದರೆ ಯಾರಿಗೆ ಮೊದಲು ಫೋನ್ ಮಾಡುವುದು, ಅವರು ಎತ್ತದಿದ್ದರೆ ಯಾರಿಗೆ ಎಂಬುದನ್ನು ಆರೋಗ್ಯವಾಗಿದ್ದಾಗಲೇ ಬರೆದಿಟ್ಟಿದ್ದರು. ಒಂದು ರಾತ್ರಿ ಜ್ವರ ಬಂದೇ ಬಂತು. ಅವರು ಯೋಚಿಸುತ್ತ ಕೂರಲಿಲ್ಲ, ಏಕೆಂದರೆ ಯೋಚಿಸಬೇಕಾದುದನ್ನೆಲ್ಲ ಮೊದಲೇ ಯೋಚಿಸಿ ಮುಗಿಸಿದ್ದರು. ತೀರ್ಮಾನಿಸುವ ಕೆಲಸವನ್ನು ತಲೆ ನೆಟ್ಟಗಿರುವಾಗಲೇ ಮಾಡಿಟ್ಟುಕೊಳ್ಳುವುದು ಎಂದರೆ ಇದೇ.

ಸ್ಟೀರಾಯ್ಡ್‌ನ ಬಗ್ಗೆ ಇನ್ನೊಂದು ಮಾತಿದೆ, ಅದನ್ನು ಹೇಳುವವರು ಕಡಿಮೆ. ಡ್ರಿಪ್ ಹಾಕಿಸಿಕೊಂಡ ದಿನ ಮತ್ತು ಮರುದಿನ ಬಹಳ ಜನರಿಗೆ ಅಷ್ಟೇನೂ ಕಷ್ಟವಾಗುವುದಿಲ್ಲ. ನಿದ್ದೆ ಬರದಿದ್ದರೂ ಹುರುಪಿನಿಂದ ಮನೆ ಕೆಲಸವನ್ನೆಲ್ಲ ಮಾಡಿ ಮುಗಿಸುತ್ತಾರೆ. ಸ್ಟೀರಾಯ್ಡ್ ಮಾತ್ರೆ ನಿಂತ ಮೇಲೆ, ಸಾಮಾನ್ಯವಾಗಿ ಮೂರನೆಯ ಅಥವಾ ನಾಲ್ಕನೆಯ ದಿನ, ಮೈ ಕುಸಿದಂತಾಗಿ ಕಾರಣವಿಲ್ಲದೆ ಅಳು ಬರುತ್ತದೆ. ಇದು ಔಷಧ ಇಳಿದುದರ ಪರಿಣಾಮ ಎಂದು ಹೇಳುವವರು ಪಕ್ಕದಲ್ಲಿಲ್ಲದಿದ್ದರೆ, ತಾನು ಮಾನಸಿಕವಾಗಿ ಸೋತೆ ಎಂದೇ ರೋಗಿ ತಿಳಿಯುತ್ತಾರೆ. ಆದ್ದರಿಂದ ನೆಂಟರೋ ಸ್ನೇಹಿತರೋ ಒಂದೇ ದಿನ ಬರಲು ಸಾಧ್ಯ ಎಂದಾದರೆ, ಆ ಒಂದು ದಿನವನ್ನು ಮೂರನೆಯ ದಿನಕ್ಕೆ ಇಟ್ಟುಕೊಳ್ಳಿ ಎಂದು ಸಲಹೆ ಕೊಡುತ್ತೇನೆ. ಆದರೆ ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಔಷಧಕ್ಕೆ ಮುಂಚೆ ಅಲರ್ಜಿ ತಡೆಯಲು ಕೊಡುವ ಚುಚ್ಚುಮದ್ದು ತೂಕಡಿಕೆ ತರುವುದರಿಂದ, ಅಂಥ ದಿನ ತಾವೇ ವಾಹನ ಓಡಿಸಿಕೊಂಡು ಹೋಗುವುದು ಸಲ್ಲದು; ಮನೆ ಮುಟ್ಟಿಸುವ ಏರ್ಪಾಡು ಬೇರೆಯಾಗಿ ಬೇಕು.

ವಾಂತಿಯ ಮಾತ್ರೆಯನ್ನು ವಾಂತಿ ಬಂದ ಮೇಲೆ ತೆಗೆದುಕೊಳ್ಳೋಣ ಎಂದುಕೊಂಡವರು ಬಹಳ ಕಷ್ಟಪಡುತ್ತಾರೆ. ಸಿಸ್‌ಪ್ಲಾಟಿನ್‌ನಂಥ ಔಷಧದಲ್ಲಿ ವಾಕರಿಕೆ ಒಂದು ದಿನ ತಡವಾಗಿ ಶುರುವಾಗಿ ಹಲವು ದಿನ ಉಳಿಯಬಹುದಾದ್ದರಿಂದ ವೈದ್ಯರು ಬರೆದ ಹೊತ್ತಿಗೆ ಸರಿಯಾಗಿ, ಬರೆದಷ್ಟು ದಿನ ನುಂಗಬೇಕು. ವಾಂತಿ ತಡೆಯಲು ಕೊಡುವ ಒಂಡಾನ್‌ಸೆಟ್ರಾನ್ ಮಾತ್ರೆಯಿಂದ ಮಲಬದ್ಧತೆಯಾಗುತ್ತದೆ ಎಂಬುದನ್ನು ಮೊದಲೇ ತಿಳಿದಿದ್ದರೆ ಅದಕ್ಕೂ ಔಷಧ ಬರೆಸಿಕೊಳ್ಳಬಹುದು. ಕುಡಿದ ನೀರೂ ನಿಲ್ಲದಿದ್ದರೆ, ಮೂತ್ರ ತೀರ ಕಡಿಮೆಯಾಗಿ ಬಣ್ಣ ಗಾಢವಾದರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ ಅದು ದೇಹದ ನೀರು ಬತ್ತುತ್ತಿರುವ ಸೂಚನೆ. ಒಬ್ಬರೇ ಇರುವವರಿಗೆ ಈ ಸ್ಥಿತಿ ಹೆಚ್ಚು ಅಪಾಯಕಾರಿ, ಏಕೆಂದರೆ ಬಿದ್ದರೆ ಎತ್ತುವವರಿಲ್ಲ. ಆ ದಿನಗಳಲ್ಲಿ ಬಚ್ಚಲಿನ ಚಿಲಕ ಹಾಕದಿರುವುದು, ಫೋನನ್ನು ಕೋಣೆಯಲ್ಲಿ ಬಿಡದೆ ಮೈಮೇಲೆಯೇ ಇಟ್ಟುಕೊಳ್ಳುವುದು, ಮನೆಯ ಇನ್ನೊಂದು ಕೀಲಿಯನ್ನು ನಂಬಿಕೆಯ ಒಬ್ಬರಿಗೆ ಕೊಟ್ಟಿರುವುದು ಸಣ್ಣ ಸಂಗತಿಗಳೆನಿಸಬಹುದು. ಇವುಗಳಿಂದಲೇ ಸಮಯಕ್ಕೆ ಸರಿಯಾಗಿ ವಾರ್ಡು ಮುಟ್ಟಿದವರನ್ನು ನಾನು ಕಂಡಿದ್ದೇನೆ.

ಆಹಾರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಡ್ರಿಪ್‌ಗೆ ಮುಂಚಿನ ಒಳ್ಳೆಯ ದಿನಗಳಲ್ಲಿ ಬೇಯಿಸಿ, ಒಂದು ಹೊತ್ತಿಗೆ ಆಗುವಷ್ಟು ಭಾಗ ಮಾಡಿ ಫ್ರೀಜರ್‌ನಲ್ಲಿಡುವುದು ಅನುಕೂಲ. ಒಲೆಯ ಮುಂದೆ ನಿಂತು ವಾಸನೆ ಕುಡಿದವರಿಗೆ ಉಣ್ಣುವ ಹೊತ್ತಿಗೆ ಹಸಿವೇ ಉಳಿದಿರುವುದಿಲ್ಲ. ಆಕ್ಸಾಲಿಪ್ಲಾಟಿನ್ ತೆಗೆದುಕೊಳ್ಳುವವರು ಮಾತ್ರ ಒಂದು ವಿಷಯ ನೆನಪಿಡಬೇಕು. ಆ ಔಷಧದ ನಂತರ ಕೆಲವು ದಿನ ತಣ್ಣಗಿನದನ್ನು ಮುಟ್ಟಿದರೆ ಬೆರಳುಗಳಲ್ಲಿ ಚುಚ್ಚಿದಂತಾಗುತ್ತದೆ, ತಣ್ಣೀರು ಕುಡಿದರೆ ಗಂಟಲು ಹಿಡಿದಂತಾಗುತ್ತದೆ. ಫ್ರಿಜ್‌ನಿಂದ ತೆಗೆದುಕೊಡುವವರು ಇನ್ನೊಬ್ಬರಿಲ್ಲವಾದ್ದರಿಂದ ಅದರ ಪಕ್ಕದಲ್ಲೇ ಒಂದು ಜೊತೆ ಕೈಗವಸು ಇಟ್ಟುಕೊಳ್ಳಬೇಕು.

ರೇಡಿಯೇಷನ್‌ನ ಸ್ವರೂಪವೇ ಬೇರೆ. ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಹಲವು ವಾರಗಳ ಕಾಲ ಹೋಗಬೇಕು. ಯಂತ್ರದಿಂದ ಕಿರಣ ಬೀಳುವುದು ಕೆಲವೇ ನಿಮಿಷ. ಕೋಣೆಯಲ್ಲಿ ಒಬ್ಬರೇ ಮಲಗಬೇಕಾದರೂ ಹೊರಗಿನಿಂದ ತಂತ್ರಜ್ಞರು ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ, ಮಾತಾಡಿದರೆ ಅವರಿಗೆ ಕೇಳಿಸುತ್ತದೆ. ಹೊರಗಿನಿಂದ ಕೊಡುವ ಈ ಕಿರಣದಿಂದ ರೋಗಿಯ ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ, ಹಾಗಾಗಿ ಯಾರೂ ದೂರ ಕೂರಬೇಕಾಗಿಲ್ಲ. ಈ ತಪ್ಪು ತಿಳಿವಳಿಕೆಯಿಂದ ಬಂದುಹೋಗುವ ಒಬ್ಬಿಬ್ಬರನ್ನೂ ದೂರವಿಟ್ಟವರನ್ನು ನೋಡಿ ನನಗೆ ಬಹಳ ಸಂಕಟವಾಗಿದೆ. ದಣಿವು ವಾರ ಕಳೆದಂತೆ ಹೆಚ್ಚುತ್ತ ಹೋಗುತ್ತದೆ; ಮೊದಲ ವಾರದ ಶಕ್ತಿಯನ್ನು ನಂಬಿ ಕೊನೆಯ ವಾರಗಳಿಗೆ ಕೆಲಸ ಒಪ್ಪಿಕೊಳ್ಳಬಾರದು. ಬೆನ್ನು, ಕಂಕುಳ ಹಿಂಭಾಗಗಳಂತೆ ಸ್ವತಃ ನೋಡಿಕೊಳ್ಳಲಾಗದ ಜಾಗದ ಚರ್ಮ ಹೇಗಿದೆ ಎಂದು ತಂತ್ರಜ್ಞರನ್ನು ದಿನವೂ ಕೇಳಲು ಹಿಂಜರಿಯಬಾರದು. ಕನ್ನಡಿ ತೋರಿಸದ್ದನ್ನು ಅವರು ಹೇಳುತ್ತಾರೆ.

ಒಬ್ಬರೇ ಇರುವವರಿಗೆ ಈ ದಿನನಿತ್ಯದ ಭೇಟಿಯಲ್ಲಿ ಒಂದು ಅನುಕೂಲವಿದೆ: ವಾರದ ಐದು ದಿನ ಅವರನ್ನು ಯಾರೋ ಒಬ್ಬರು ಕಣ್ಣಾರೆ ನೋಡುತ್ತಿರುತ್ತಾರೆ. ನಿಜವಾದ ಕಷ್ಟ ಚಿಕಿತ್ಸೆ ಮುಗಿದ ಮರುದಿನ ಶುರುವಾಗುತ್ತದೆ. ಚರ್ಮದ ಉರಿ, ಬಾಯಿ ಮತ್ತು ಗಂಟಲಿನ ಹುಣ್ಣು ಕೊನೆಯ ಕಿರಣದ ನಂತರವೂ ಒಂದೆರಡು ವಾರ ಉಲ್ಬಣಿಸಬಹುದು, ಆದರೆ ನೋಡುವ ಕಣ್ಣು ಅಷ್ಟರಲ್ಲಿ ತಪ್ಪಿಹೋಗಿರುತ್ತದೆ. ಎಲ್ಲರೂ ಅಭಿನಂದಿಸುವ ಹೊತ್ತಿನಲ್ಲಿ ನೋವು ಹೆಚ್ಚಾಯಿತೆಂದು ಹೇಳಲು ರೋಗಿಗೂ ಸಂಕೋಚ. ಕೊನೆಯ ದಿನವೇ ಮುಂದಿನ ಎರಡು ವಾರಗಳಿಗೆ ಫೋನ್ ಮಾಡುವ ದಿನಗಳನ್ನು ಗೊತ್ತುಮಾಡಿ ಕಳುಹಿಸಬೇಕು ಎಂದು ನಾನು ಒತ್ತಾಯಿಸುವುದು ಇದಕ್ಕಾಗಿ.

ಫೋನ್ ಮಾಡುವುದನ್ನೂ ಕಲಿಯಬೇಕು ಎಂಬುದು ನನಗೆ ಈ ಕೆಲಸದಲ್ಲಿ ಸಿಕ್ಕ ದೊಡ್ಡ ಪಾಠ. ‘ಹೇಗಿದ್ದೀರಿ?’ ಎಂದು ಕೇಳಿದರೆ ‘ಚೆನ್ನಾಗಿದ್ದೇನೆ ಸಿಸ್ಟರ್’ ಎಂಬ ಉತ್ತರವೇ ಬರುತ್ತದೆ, ಒಬ್ಬರೇ ಇರುವವರಲ್ಲಂತೂ ಇತರರಿಗೆ ತೊಂದರೆ ಕೊಡಬಾರದೆಂಬ ಭಾವ ಬಹಳ ಗಟ್ಟಿ. ನಿನ್ನೆ ರಾತ್ರಿಯಿಂದ ಎಷ್ಟು ಸಲ ಮೂತ್ರಕ್ಕೆ ಹೋದಿರಿ, ಕೊನೆಯ ಸಲ ಊಟ ಮಾಡಿದ್ದು ಎಷ್ಟು ಹೊತ್ತಿಗೆ, ಈಗ ಥರ್ಮಾಮೀಟರ್ ಇಟ್ಟು ಓದಿ ಹೇಳುತ್ತೀರಾ ಎಂದು ಕೇಳಿದಾಗ ಮಾತ್ರ ನಿಜಸ್ಥಿತಿ ಹೊರಬರುತ್ತದೆ. ಮಾತಿನ ವೇಗ, ಉಸಿರಿನ ಏರಿಳಿತ, ಒಂದೇ ಪ್ರಶ್ನೆಗೆ ಎರಡು ಸಲ ಬೇರೆ ಬೇರೆ ಉತ್ತರ ಕೊಡುವುದು, ಇವೆಲ್ಲವನ್ನೂ ಕಿವಿಗೊಟ್ಟು ಕೇಳಬೇಕು.

ಇದು ಬರೀ ಸಮಾಧಾನದ ಮಾತಲ್ಲ. ಅಮೆರಿಕದ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದಲ್ಲಿ 766 ರೋಗಿಗಳ ಮೇಲೆ ನಡೆದ ಅಧ್ಯಯನವೊಂದರಲ್ಲಿ, ತಮ್ಮ ತೊಂದರೆಗಳನ್ನು ಕಂಪ್ಯೂಟರಿನ ಮೂಲಕ ನಿಯಮಿತವಾಗಿ ವರದಿ ಮಾಡಿದವರ ಮಧ್ಯಮ ಬದುಕುಳಿಕೆ, ಅಂದರೆ ಅವರಲ್ಲಿ ಅರ್ಧದಷ್ಟು ಜನ ಬದುಕಿದ್ದ ಅವಧಿ, 31.2 ತಿಂಗಳು, ಎಂದಿನ ರೀತಿಯ ಆರೈಕೆ ಪಡೆದವರದು 26 ತಿಂಗಳು ಎಂದು ಕಂಡುಬಂತು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಅವರೆಲ್ಲರೂ ದೇಹದ ಇತರ ಭಾಗಗಳಿಗೆ ಕ್ಯಾನ್ಸರ್ ಹರಡಿದ್ದವರು. ವರದಿಯಲ್ಲಿ ತೊಂದರೆ ಹೆಚ್ಚಿದ್ದು ಕಂಡರೆ ನರ್ಸ್‌ಗೆ ಸೂಚನೆ ಹೋಗುತ್ತಿತ್ತು. ಸಣ್ಣ ತೊಂದರೆಯನ್ನು ಸಣ್ಣದಾಗಿರುವಾಗಲೇ ಹೇಳಿದ್ದರಿಂದ ಇಷ್ಟು ವ್ಯತ್ಯಾಸವಾದೀತು ಎಂದಾದರೆ, ಒಬ್ಬರೇ ಇರುವವರು ನಮಗೆ ಮಾಡುವ ಫೋನ್ ತೊಂದರೆ ಕೊಡುವ ಕೆಲಸ ಹೇಗಾದೀತು? ಅದು ಚಿಕಿತ್ಸೆಯದೇ ಭಾಗ.

ಆಸ್ಪತ್ರೆಗೆ ಮಾಡುವ ಫೋನ್ ಅಲ್ಲದೆ, ಒಬ್ಬ ಆಪ್ತರಿಗೆ ದಿನವೂ ಗೊತ್ತಾದ ಹೊತ್ತಿಗೆ ಒಂದು ಸಂದೇಶ ಕಳುಹಿಸುವ ಒಪ್ಪಂದವೂ ಇರಲಿ. ಸಂದೇಶ ಬಾರದಿದ್ದರೆ ಅವರು ಫೋನ್ ಮಾಡಬೇಕು, ಫೋನ್ ಎತ್ತದಿದ್ದರೆ ಕೀಲಿ ಹಿಡಿದು ಬರಬೇಕು. ‘ಏನಾದರೂ ಬೇಕಿದ್ದರೆ ಹೇಳಿ’ ಎಂದು ಹೇಳಿಹೋಗುವ ಒಳ್ಳೆಯ ಮನಸ್ಸಿನವರು ಎಷ್ಟೋ ಜನರಿರುತ್ತಾರೆ. ಅವರಿಗೆ ಇಂಥ ಒಂದೊಂದು ನಿರ್ದಿಷ್ಟ ಕೆಲಸ ಒಪ್ಪಿಸಿದರೆ ಸಂತೋಷದಿಂದ ಮಾಡುತ್ತಾರೆ, ಒಪ್ಪಿಸದಿದ್ದರೆ ಏನು ಮಾಡಬೇಕೆಂದು ತಿಳಿಯದೆ ಸುಮ್ಮನಾಗುತ್ತಾರೆ.

ಒಬ್ಬರೇ ಇರುವುದನ್ನು ಕೊರತೆ ಎಂದು ನೋಡುವುದನ್ನು ನಮ್ಮಂಥವರು ಬಿಡಬೇಕು. ಎಷ್ಟೋ ಜನ ಇಷ್ಟಪಟ್ಟೇ ಹಾಗೆ ಬದುಕಿದ್ದಾರೆ, ತಮ್ಮ ಮನೆಯ ಶಾಂತಿಯಲ್ಲಿಯೇ ಅವರು ಬೇಗ ಚೇತರಿಸಿಕೊಳ್ಳುತ್ತಾರೆ. ಅವರ ಮುಂದೆ ‘ಅಯ್ಯೋ, ಯಾರೂ ಇಲ್ಲವೇ?’ ಎಂದು ಮರುಗುವುದರಿಂದ ನೋವೇ ಹೆಚ್ಚು. ರಾತ್ರಿಯ ಭಯ, ಮತ್ತೆ ಮತ್ತೆ ಬರುವ ಅಳು, ಚಿಕಿತ್ಸೆಯೇ ಬೇಡವೆನಿಸುವ ಆಯಾಸ ಇವು ಕಂಡರೆ ಮಾತ್ರ ಅದನ್ನು ಸ್ವಭಾವವೆಂದು ಬಿಡದೆ ಆಪ್ತಸಮಾಲೋಚಕರ ಬಳಿ ಕಳುಹಿಸಬೇಕು.

ಎಲ್ಲ ಏರ್ಪಾಡುಗಳಿದ್ದರೂ ಒಬ್ಬರೇ ಇರಬಾರದ ಕೆಲವು ಸಂದರ್ಭಗಳಿವೆ: ಎರಡನೆಯ ಸಲ ಬಿದ್ದಾಗ, ಮಾತ್ರೆಗಳ ಲೆಕ್ಕ ತಪ್ಪತೊಡಗಿದಾಗ, ಗಂಟಲ ಹುಣ್ಣಿನಿಂದ ದ್ರವವೂ ಇಳಿಯದಾದಾಗ. ಆಗ ಕೆಲವು ದಿನ ಬೇರೆಯವರ ಮನೆಗೆ ಹೋಗುವುದೋ, ವಾರ್ಡಿನಲ್ಲಿ ದಾಖಲಾಗುವುದೋ ಎಂಬ ಮಾತನ್ನು ಆ ದಿನ ಎತ್ತಿದರೆ ರೋಗಿಗೆ ಅದು ಸೋಲಿನಂತೆ ಕೇಳಿಸುತ್ತದೆ. ಮೊದಲ ಡ್ರಿಪ್‌ಗೆ ಮುಂಚೆ, ಅವರೇ ಆರಾಮಾಗಿ ಕುಳಿತು ಮಾತಾಡುವಾಗ, ಯಾವ ಸ್ಥಿತಿ ಬಂದರೆ ಎಲ್ಲಿಗೆ ಹೋಗುವುದು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ ಫೈಲಿನಲ್ಲಿ ಬರೆದಿಡುತ್ತೇವೆ. ಹಾಗೆ ಬರೆಸಿದವರು ಆ ದಿನ ಬಂದಾಗ ನಮ್ಮೊಡನೆ ವಾದಿಸುವುದು ಕಡಿಮೆ. ಬಹುಪಾಲು ಜನ ನಾವು ಹೇಳುವ ಮೊದಲೇ ತಾವೇ ಫೋನ್ ಮಾಡಿ, ಹಾಸಿಗೆ ಖಾಲಿ ಇದೆಯೇ ಎಂದು ಕೇಳುತ್ತಾರೆ.