ಶಿವಗಂಗೋತ್ರಿಯಲ್ಲಿ ಬ್ಯಾಂಕಿಂಗ್ ಓದುವವರು ಮೆಕ್ಕೆಜೋಳದ ಗೋದಾಮನ್ನೂ ಓದಬೇಕು

ದಾವಣಗೆರೆ, ಚಿತ್ರದುರ್ಗದ ಕಡೆ ಬಿ.ಕಾಂ. ಮುಗಿಸಿದ ವಿದ್ಯಾರ್ಥಿಗಳು ಫಲಿತಾಂಶ ಕೈಗೆ ಬರುತ್ತಿದ್ದಂತೆ ಕೇಳುವ ಪ್ರಶ್ನೆಯೊಂದಿದೆ: ಬ್ಯಾಂಕ್ ಪರೀಕ್ಷೆಯ ಕೋಚಿಂಗ್‌ಗೆ ಸೇರುವುದೋ, ಬ್ಯಾಂಕಿಂಗ್ ಮತ್ತು ಹಣಕಾಸು ವಿಷಯಗಳನ್ನು ಇಟ್ಟುಕೊಂಡು ಸ್ನಾತಕೋತ್ತರ ಪದವಿ ಮಾಡುವುದೋ? ಅವರ ತಂದೆತಾಯಿಯರು ಇದನ್ನೇ ಇನ್ನೂ ನೇರವಾಗಿ ಕೇಳುತ್ತಾರೆ: "ಎರಡು ವರ್ಷ ಓದಿದ್ರೆ ಬ್ಯಾಂಕಿನಾಗೆ ಕೆಲಸ ಸಿಗ್ತೈತಾ?" ನಾನು ಶಿವಗಂಗೋತ್ರಿಯಲ್ಲಿ, ಅಂದರೆ ತೋಳಹುಣಸೆಯಲ್ಲಿರುವ ದಾವಣಗೆರೆ ವಿಶ್ವವಿದ್ಯಾನಿಲಯದ ಆವರಣದಲ್ಲಿ, ಎಂ.ಕಾಂ. ಓದಿದವನು; ಈಗ ಬ್ಯಾಂಕೊಂದರ ಸಾಲ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಈ ಪ್ರಶ್ನೆಗೆ ಫೋನಿನಲ್ಲಿ ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸುವುದು ಸರಿಯಲ್ಲವೆನಿಸಿ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕೆಲಸದ ಮಾತು. ಸರ್ಕಾರಿ ಬ್ಯಾಂಕುಗಳಿಗೆ ಸಿಬ್ಬಂದಿಯನ್ನು ಆರಿಸುವ ಐಬಿಪಿಎಸ್ ಸಂಸ್ಥೆ ನಡೆಸುವ ಗುಮಾಸ್ತ ಮತ್ತು ಪ್ರೊಬೇಷನರಿ ಆಫೀಸರ್ ಪರೀಕ್ಷೆಗಳಿಗೆ ಯಾವುದೇ ವಿಷಯದ ಪದವಿ ಸಾಕು. ಪೂರ್ವಭಾವಿ ಪರೀಕ್ಷೆಯಲ್ಲಿ ಕೇಳುವುದು ಇಂಗ್ಲಿಷ್, ಗಣಿತ ಸಾಮರ್ಥ್ಯ ಮತ್ತು ತಾರ್ಕಿಕ ಪ್ರಶ್ನೆಗಳನ್ನು. ಅಲ್ಲಿ ಗೆಲ್ಲಬೇಕಾದರೆ ವೇಗದ ಅಭ್ಯಾಸ ಬೇಕು, ಅದನ್ನು ಸ್ನಾತಕೋತ್ತರ ತರಗತಿ ಕಲಿಸುವುದಿಲ್ಲ. ಆದ್ದರಿಂದ ಪರೀಕ್ಷೆಯಷ್ಟೇ ಗುರಿಯಾಗಿದ್ದವರು ಎಂ.ಕಾಂ. ಸೇರಿ ಎರಡು ವರ್ಷ ಕಾಯಬೇಕಾಗಿಲ್ಲ. ಸ್ನಾತಕೋತ್ತರ ಓದು ಉಪಯೋಗಕ್ಕೆ ಬರುವುದು ಕುರ್ಚಿ ಸಿಕ್ಕಿದ ಮೇಲೆ, ಅಂದರೆ ಎದುರಿಗೆ ಕುಳಿತ ವ್ಯಕ್ತಿಗೆ ಎಷ್ಟು ಸಾಲ ಕೊಡಬೇಕು, ಯಾವ ಅವಧಿಗೆ ಕೊಡಬೇಕು, ಯಾವಾಗ ಬೇಡವೆನ್ನಬೇಕು ಎಂದು ತೀರ್ಮಾನಿಸುವ ಹೊತ್ತಿನಲ್ಲಿ. ವಾಣಿಜ್ಯ ವಿಷಯದ ನೆಟ್ ಪರೀಕ್ಷೆ ಬರೆದು ಅಧ್ಯಾಪಕರಾಗುವ, ಇಲ್ಲವೇ ಸಂಶೋಧನೆಗೆ ಹೋಗುವ ದಾರಿಯೂ ಈ ಪದವಿಯಿಂದ ತೆರೆಯುತ್ತದೆ. ಬ್ಯಾಂಕಿಗೆ ಸೇರಿದವರಿಗೆ ಮುಂದೆ ಮುಂಬೈಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕಿಂಗ್ ಅಂಡ್ ಫೈನಾನ್ಸ್ ನಡೆಸುವ ಜೆಎಐಐಬಿ, ಸಿಎಐಐಬಿ ಎಂಬ ವೃತ್ತಿ ಪರೀಕ್ಷೆಗಳಿವೆ; ಎಂ.ಕಾಂ.ನಲ್ಲಿ ಮನಸ್ಸಿಟ್ಟು ಓದಿದವರಿಗೆ ಅಲ್ಲಿನ ಅರ್ಧ ಪಾಠ ಆಗಲೇ ಪರಿಚಿತವಾಗಿರುತ್ತದೆ.

ತೋಳಹುಣಸೆಯ ಈ ಕೇಂದ್ರ 1979ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಆರಂಭವಾಗಿ, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಸೇರಿ, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯವಾಯಿತು. ದಾವಣಗೆರೆ ಮತ್ತು ಚಿತ್ರದುರ್ಗ ಎರಡೇ ಜಿಲ್ಲೆಗಳು ಅದರ ವ್ಯಾಪ್ತಿ. ಇದನ್ನು ಕೊರತೆಯೆಂದು ಹೇಳುವವರನ್ನು ಕೇಳಿದ್ದೇನೆ. ನನ್ನ ಅಭಿಪ್ರಾಯ ಬೇರೆ. ಭದ್ರಾ ನಾಲೆಯ ಭತ್ತ, ಜಗಳೂರಿನ ಮಳೆಯಾಶ್ರಿತ ಮೆಕ್ಕೆಜೋಳ, ಚನ್ನಗಿರಿಯ ಅಡಿಕೆ, ಚಳ್ಳಕೆರೆಯ ಶೇಂಗಾ ಮತ್ತು ಎಣ್ಣೆ ಗಿರಣಿಗಳು, ಹೊಸದುರ್ಗದ ತೆಂಗು, ನಗರದೊಳಗಿನ ಮಂಡಕ್ಕಿ ಭಟ್ಟಿಗಳು, ಇವೆಲ್ಲ ಒಂದೇ ವಿಶ್ವವಿದ್ಯಾನಿಲಯದ ಅಂಗಳದಲ್ಲಿವೆ. ಒಂದೊಂದರಲ್ಲಿಯೂ ಹಣ ತಿರುಗುವ ವೇಗ ಬೇರೆ ಬೇರೆ. ಬ್ಯಾಂಕಿಂಗ್ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ನೆಲ ಸಿಗುವುದು ಕಷ್ಟ. ಆದರೆ ನಮ್ಮ ಬಹುಪಾಲು ವಿದ್ಯಾರ್ಥಿಗಳು ಈ ನೆಲವನ್ನು ನೋಡದೆಯೇ ಪದವಿ ಮುಗಿಸುತ್ತಾರೆ ಎಂಬುದು ನನ್ನ ಕಳವಳ.

ದುಡಿಯುವ ಬಂಡವಾಳದ, ಅಂದರೆ ದಿನನಿತ್ಯದ ವ್ಯವಹಾರ ನಡೆಸಲು ಬೇಕಾದ ಹಣದ, ಪಾಠವನ್ನೇ ತೆಗೆದುಕೊಳ್ಳೋಣ. ಸಣ್ಣ ಉದ್ದಿಮೆಗಳಿಗೆ ಸಾಲದ ಮಿತಿ ನಿಗದಿಪಡಿಸಲು ರಿಸರ್ವ್ ಬ್ಯಾಂಕು ನೇಮಿಸಿದ್ದ ನಾಯಕ್ ಸಮಿತಿ ಸೂಚಿಸಿದ ವಹಿವಾಟು ಪದ್ಧತಿಯನ್ನು ಎಲ್ಲರೂ ಓದುತ್ತೇವೆ. ಅಂದಾಜು ವಾರ್ಷಿಕ ವಹಿವಾಟಿನ ಶೇ. 25ರಷ್ಟು ದುಡಿಯುವ ಬಂಡವಾಳ ಬೇಕೆಂದು ಹಿಡಿದು, ಅದರಲ್ಲಿ ವಹಿವಾಟಿನ ಕನಿಷ್ಠ ಶೇ. 20ರಷ್ಟನ್ನು ಬ್ಯಾಂಕು, ಉಳಿದ ಶೇ. 5ರಷ್ಟನ್ನು ಸಾಲಗಾರ ಭರಿಸಬೇಕು ಎಂಬುದು ಸೂತ್ರ. ವರ್ಷಕ್ಕೆ 2 ಕೋಟಿ ರೂಪಾಯಿ ವಹಿವಾಟು ಇದ್ದರೆ ಬೇಕಾದ ಬಂಡವಾಳ 50 ಲಕ್ಷ, ಬ್ಯಾಂಕಿನ ಪಾಲು 40 ಲಕ್ಷ, ಮಾಲೀಕನ ಪಾಲು 10 ಲಕ್ಷ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಪೂರ್ತಿ ಅಂಕ ಬರುತ್ತದೆ. ಆದರೆ ಶೇ. 25 ಎಂಬ ಅಂಕಿ ಎಲ್ಲಿಂದ ಬಂತೆಂದು ಕೇಳಿದರೆ ಹೇಳುವವರು ಕಡಿಮೆ. ಹಾಕಿದ ಹಣ ಸರಕಾಗಿ, ಮಾರಾಟವಾಗಿ, ಮತ್ತೆ ಹಣವಾಗಿ ಕೈಸೇರಲು ಮೂರು ತಿಂಗಳು ಬೇಕು, ಅಂದರೆ ವರ್ಷಕ್ಕೆ ನಾಲ್ಕು ಸುತ್ತು ತಿರುಗುತ್ತದೆ ಎಂಬ ಊಹೆ ಆ ಅಂಕಿಯೊಳಗಿದೆ.

ಆ ಊಹೆಯನ್ನು ಹಿಡಿದುಕೊಂಡು ನಮ್ಮ ಊರಿಗೆ ಬನ್ನಿ. ಮಂಡಕ್ಕಿ ಭಟ್ಟಿಯವರು ಭತ್ತ ತಂದು, ನೆನೆಸಿ, ಹದಮಾಡಿ, ಅಕ್ಕಿ ಮಾಡಿಸಿ, ಕಾದ ಮರಳಿನಲ್ಲಿ ಹುರಿದು ಚೀಲ ತುಂಬಿಸಿದರೆ ಸರಕು ಹೆಚ್ಚು ದಿನ ನಿಲ್ಲುವುದಿಲ್ಲ, ನಿಲ್ಲಿಸಿದರೆ ಮೆತ್ತಗಾಗುತ್ತದೆ. ಸುತ್ತು ಒಂದು ತಿಂಗಳಿಗೆ ಮುಗಿಯುವುದಾದರೆ 2 ಕೋಟಿ ವಹಿವಾಟಿಗೆ 17 ಲಕ್ಷದ ಆಸುಪಾಸಿನ ಬಂಡವಾಳ ಸಾಕು. ಸೂತ್ರವನ್ನು ಕಣ್ಣುಮುಚ್ಚಿ ಅನ್ವಯಿಸಿ 40 ಲಕ್ಷ ಕೊಟ್ಟರೆ ಹೆಚ್ಚಿನ ಹಣ ಮನೆ ಕಟ್ಟಲೋ ನಿವೇಶನ ಕೊಳ್ಳಲೋ ಹರಿದುಹೋಗುತ್ತದೆ. ಮೆಕ್ಕೆಜೋಳದ ವ್ಯಾಪಾರಿಯ ಲೆಕ್ಕ ಇದಕ್ಕೆ ತಿರುವುಮುರುವು. ಮುಂಗಾರಿನ ಬೆಳೆ ಅಕ್ಟೋಬರ್‌ನಿಂದ ಎ.ಪಿ.ಎಂ.ಸಿ.ಗೆ ಬರತೊಡಗುತ್ತದೆ, ರೈತರಿಗೆ ಬೇಗ ಹಣ ಕೊಡಬೇಕು, ಕೋಳಿ ಆಹಾರದ ಕಾರ್ಖಾನೆಗಳಿಗೆ ಮಾಲು ಹೋಗುವುದು ಮುಂದಿನ ತಿಂಗಳುಗಳಲ್ಲಿ. ಅವನ 2 ಕೋಟಿ ವಹಿವಾಟಿನಲ್ಲಿ ಅರ್ಧದಷ್ಟು ಸರಕು ಒಂದೇ ಹೊತ್ತಿಗೆ ಗೋದಾಮಿನಲ್ಲಿ ನಿಂತರೆ ಆಗ ಬೇಕಾದದ್ದು 1 ಕೋಟಿ. ಜೂನ್‌ನಲ್ಲಿ ಏನೂ ಬೇಡ. ಒಬ್ಬ ವ್ಯಾಪಾರಿ ನನಗೆ ಹೇಳಿದ ಮಾತನ್ನು ಎಷ್ಟೋ ತರಬೇತಿಗಳಲ್ಲಿ ಕೇಳಿದ ಉಪನ್ಯಾಸಕ್ಕಿಂತ ಹೆಚ್ಚಾಗಿ ನೆನಪಿಟ್ಟಿದ್ದೇನೆ: "ದೀಪಾವಳಿ ಹಿಂದೆ ಮುಂದೆ ಎರಡು ತಿಂಗಳು ನಂಗೆ ದುಡ್ಡು ಬೇಕ್ರೀ ಸಾರ್. ಯುಗಾದಿ ಆದ್ಮ್ಯಾಲೆ ನೀವು ಕೊಡ್ತೀನಂದ್ರೂ ಬ್ಯಾಡ." ಇಂಥವರಿಗಾಗಿಯೇ ತಿಂಗಳುವಾರು ಬರುವ ಹಣ, ಹೋಗುವ ಹಣದ ಪಟ್ಟಿ ಮಾಡಿ, ಸುಗ್ಗಿಗೊಂದು ಮಿತಿ, ಉಳಿದ ಕಾಲಕ್ಕೊಂದು ಮಿತಿ ನಿಗದಿಪಡಿಸುವ ನಗದು ಆಯವ್ಯಯ ಪದ್ಧತಿ ಇದೆ. ಅದು ಪಠ್ಯದಲ್ಲಿಯೂ ಇರುತ್ತದೆ, ಸಾಮಾನ್ಯವಾಗಿ ಸಕ್ಕರೆ ಕಾರ್ಖಾನೆಯ ಒಂದು ಉದಾಹರಣೆಯೊಂದಿಗೆ, ಅರ್ಧ ಪುಟದಲ್ಲಿ. ನಮ್ಮ ಜಿಲ್ಲೆಯ ವಿದ್ಯಾರ್ಥಿಗೆ ಅದು ಅರ್ಧ ಸೆಮಿಸ್ಟರಿನ ಪಾಠವಾಗಬೇಕು.

ಸಾಲದ ಮಿತಿ ಮಂಜೂರಾದರೆ ಅಷ್ಟೂ ಹಣ ಕೈಗೆ ಬಂತೆಂದಲ್ಲ. ತಿಂಗಳು ತಿಂಗಳು ಕೊಡುವ ದಾಸ್ತಾನು ಪಟ್ಟಿಯ ಮೇಲೆ ಡ್ರಾಯಿಂಗ್ ಪವರ್, ಅಂದರೆ ಆಗ ಎಷ್ಟು ಹಣ ತೆಗೆಯಬಹುದೆಂಬುದನ್ನು, ಲೆಕ್ಕ ಹಾಕುತ್ತಾರೆ. ಗೋದಾಮಿನಲ್ಲಿ 60 ಲಕ್ಷದ ಸರಕಿದ್ದು, ಅದರಲ್ಲಿ 15 ಲಕ್ಷದ್ದಕ್ಕೆ ಇನ್ನೂ ಹಣ ಕೊಟ್ಟಿಲ್ಲವೆಂದರೆ ಲೆಕ್ಕಕ್ಕೆ ಬರುವುದು 45 ಲಕ್ಷ; ಸಾಲಗಾರನೇ ಭರಿಸಬೇಕಾದ ಶೇ. 25ರಷ್ಟು ಮಾರ್ಜಿನ್ ಕಳೆದರೆ ತೆಗೆಯಬಹುದಾದದ್ದು 33.75 ಲಕ್ಷ. ಬಾಕಿ ಇಟ್ಟುಕೊಂಡ ಸರಕಿನ ಮೇಲೆ ಬ್ಯಾಂಕು ಮತ್ತೆ ಸಾಲ ಕೊಟ್ಟರೆ ಒಂದೇ ಚೀಲಕ್ಕೆ ಇಬ್ಬರು ಹಣ ಹಾಕಿದಂತಾಗುತ್ತದೆ ಎಂಬುದು ಇದರ ತರ್ಕ. ತರಗತಿಯಲ್ಲಿ ಈ ಲೆಕ್ಕ ಎರಡು ನಿಮಿಷದ್ದು. ಗೋದಾಮಿನ ಬಾಗಿಲು ತೆಗೆದು ಒಳಗೆ ಹೋದಾಗ ಮಾತ್ರ ಅದರ ತೂಕ ತಿಳಿಯುತ್ತದೆ. ಒಟ್ಟಿದ ಚೀಲಗಳ ಮುಂದಿನ ಸಾಲನ್ನು ಎಣಿಸಿ, ಎತ್ತರವನ್ನು ಎಣಿಸಿ ಗುಣಿಸಿದರೆ ಸಾಲದು. ಹಿಂಭಾಗಕ್ಕೆ ಸುತ್ತಿಹೋಗಿ ನಡುವೆ ಪೊಳ್ಳು ಬಿಟ್ಟಿದ್ದಾರೆಯೇ ನೋಡಬೇಕು. ಕಾಳನ್ನು ಕೈಗೆ ತೆಗೆದುಕೊಂಡು ತೇವಾಂಶ ಮಾಪಕಕ್ಕೆ ಹಾಕಬೇಕು. ಶೇ. 18ರಷ್ಟು ತೇವವಿರುವ 1,000 ಕ್ವಿಂಟಾಲ್ ಮೆಕ್ಕೆಜೋಳ ಒಣಗಿ ಶೇ. 14ಕ್ಕೆ ಇಳಿದಾಗ ಉಳಿಯುವುದು 953 ಕ್ವಿಂಟಾಲ್ ಮಾತ್ರ. ಯಾರೂ ಕದಿಯದೆ, ಯಾರೂ ಮಾರದೆ ಸುಮಾರು 47 ಕ್ವಿಂಟಾಲ್ ಗಾಳಿಗೆ ಹೋಗಿರುತ್ತದೆ. ಇದನ್ನು ತಿಳಿಯದ ಅಧಿಕಾರಿ ಪ್ರಾಮಾಣಿಕ ವ್ಯಾಪಾರಿಯನ್ನು ಅನುಮಾನಿಸುತ್ತಾನೆ. ತಿಳಿದ ಅಧಿಕಾರಿ ಹಸಿ ಮಾಲಿಗೆ ಒಣ ಮಾಲಿನ ಬೆಲೆ ಹಾಕಿ ತಂದ ಪಟ್ಟಿಯನ್ನು ವಾಪಸ್ಸು ಕಳಿಸುತ್ತಾನೆ. ಇಟ್ಟ ಸರಕಿಗೆ ಗೋದಾಮಿನವರು ಕೊಡುವ ಉಗ್ರಾಣ ರಸೀದಿಯ ಮೇಲೆ ಸಾಲ ಕೊಡುವುದನ್ನು ಸುಲಭಗೊಳಿಸಿದ 2007ರ ಉಗ್ರಾಣ ಕಾಯ್ದೆಯನ್ನು ಕಾನೂನಿನ ಪತ್ರಿಕೆಯಲ್ಲಿ ಓದುವಾಗಲೂ ಈ ಗೋದಾಮು ಕಣ್ಣಮುಂದಿದ್ದರೆ ಆ ಕಾಯ್ದೆ ಯಾಕೆ ಬೇಕಾಯಿತೆಂಬುದು ತಾನಾಗಿಯೇ ಅರ್ಥವಾಗುತ್ತದೆ.

ಅನುತ್ಪಾದಕ ಆಸ್ತಿಯ ಪಾಠವೂ ಹೀಗೆಯೇ. ಸಾಮಾನ್ಯ ಸಾಲದ ಕಂತು ಅಥವಾ ಬಡ್ಡಿ 90 ದಿನ ಮೀರಿ ಬಾಕಿ ಉಳಿದರೆ ಅದು ಅನುತ್ಪಾದಕ ಆಸ್ತಿ (ಎನ್‌ಪಿಎ), ಅಂದರೆ ಬ್ಯಾಂಕಿಗೆ ಆದಾಯ ತರದ ಸಾಲ. ಅಲ್ಪಾವಧಿ ಬೆಳೆಯ ಸಾಲವಾದರೆ ಎರಡು ಬೆಳೆ ಹಂಗಾಮು ಮೀರಬೇಕು. ಈ ಭೇದವನ್ನು ರೈತರಿಗೆ ತೋರಿಸಿದ ದಯೆಯೆಂದು ಉತ್ತರ ಪತ್ರಿಕೆಗಳಲ್ಲಿ ಬರೆಯುತ್ತಾರೆ. ಇದು ದಯೆಯಲ್ಲ, ಲೆಕ್ಕ. ಜೂನ್‌ನಲ್ಲಿ ಬಿತ್ತಿದವನಿಗೆ ಸೆಪ್ಟೆಂಬರ್‌ನಲ್ಲಿ ಆದಾಯವೇ ಇರುವುದಿಲ್ಲ. ಇಲ್ಲದ ಆದಾಯಕ್ಕೆ ಕಂತು ಕಟ್ಟಿಸಲು ಹೊರಟರೆ ಅವನು ಕೈಸಾಲ ಮಾಡಿ ಬ್ಯಾಂಕಿಗೆ ಕಟ್ಟುತ್ತಾನೆ, ಪುಸ್ತಕದಲ್ಲಿ ಖಾತೆ ಚೆನ್ನಾಗಿ ಕಾಣುತ್ತದೆ, ಮನೆ ಮುಳುಗುತ್ತದೆ. 2023ರಲ್ಲಿ ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದಾಗ, ಸಾಲ ತೀರಿಸಲು ಹೆಚ್ಚು ಕಾಲ ಕೊಡುವ ಬೆಳೆ ಸಾಲದ ಪುನರ್‌ರಚನೆಯ ನಿಯಮಗಳನ್ನು, ಅಂದರೆ ಶೇ. 33ರಷ್ಟಾದರೂ ಬೆಳೆ ಹಾನಿಯಾಗಿರಬೇಕೆಂಬ ಷರತ್ತನ್ನು, ಹಳ್ಳಿಯ ಶಾಖೆಗಳಲ್ಲಿದ್ದ ಯುವ ಅಧಿಕಾರಿಗಳು ಓದಿ ತಿಳಿದು ರೈತರಿಗೆ ಹೇಳಬೇಕಾಗಿತ್ತು. ತಿಳಿದವರಿದ್ದ ಕಡೆ ರೈತರಿಗೆ ಅನುಕೂಲವಾಯಿತು.

ಬ್ಯಾಂಕು ಎಷ್ಟು ಸ್ವಂತ ಬಂಡವಾಳ ಇಟ್ಟುಕೊಳ್ಳಬೇಕೆಂದು ಹೇಳುವ ಬಾಸೆಲ್ ನಿಯಮ, ಅಪಾಯ ನಿರ್ವಹಣೆ, ಖಜಾನೆ ವ್ಯವಹಾರ ಮುಂತಾದ ಪತ್ರಿಕೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವು ಎಲ್ಲಿ ಓದಿದರೂ ಒಂದೇ. ಅವುಗಳನ್ನು ದೂರದ ವಿಷಯವೆಂದು ಬಾಯಿಪಾಠ ಮಾಡಬಾರದು ಎಂಬುದಷ್ಟೇ ನನ್ನ ಮಾತು. 2023ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ವೈಯಕ್ತಿಕ ಸಾಲಗಳ ಅಪಾಯ ತೂಕವನ್ನು ಶೇ. 100ರಿಂದ 125ಕ್ಕೆ ಏರಿಸಿದಾಗ, ಗೃಹ ಮತ್ತು ಶಿಕ್ಷಣ ಸಾಲವನ್ನು ಅದರಿಂದ ಹೊರಗಿಟ್ಟಾಗ, ಅದರ ಪರಿಣಾಮ ನಮ್ಮ ಶಾಖೆಯ ಕೌಂಟರಿನವರೆಗೆ ಬಂತು. ಅದೇ 100 ರೂಪಾಯಿ ಸಾಲಕ್ಕೆ ಬ್ಯಾಂಕು ಹೆಚ್ಚು ಸ್ವಂತ ಬಂಡವಾಳ ತೆಗೆದಿಡಬೇಕಾದ ಕಾರಣ ಬಡ್ಡಿಯೂ ಬಿಗಿಯಾಯಿತು, ಪರಿಶೀಲನೆಯೂ ಬಿಗಿಯಾಯಿತು.

ಕಿರುಸಾಲದ ವಿಷಯ ಮಾತ್ರ ಇನ್ನೂ ಹೆಚ್ಚಿನ ಜಾಗ ಬೇಡುತ್ತದೆ. ವಾರ್ಷಿಕ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಒತ್ತೆಯಿಲ್ಲದೆ ಕೊಡುವ ಸಾಲವೇ ಕಿರುಸಾಲ, ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಆದಾಯದ ಅರ್ಧವನ್ನು ಮೀರಬಾರದು ಎಂದು ರಿಸರ್ವ್ ಬ್ಯಾಂಕು 2022ರಲ್ಲಿ ಹೇಳಿತು. ನಿಯಮ ಒಳ್ಳೆಯದು. ಆದರೆ ಅದು ನಿಂತಿರುವುದು ಆದಾಯದ ಅಂದಾಜಿನ ಮೇಲೆ, ಮತ್ತು ಹಳ್ಳಿಯ ಕೂಲಿ ಕುಟುಂಬದ ಆದಾಯ ನಾಟಿ, ಕಳೆ, ಕೊಯ್ಲಿನ ತಿಂಗಳುಗಳಲ್ಲಿ ಒಂದು ಬಗೆ, ಬೇಸಿಗೆಯಲ್ಲಿ ಇನ್ನೊಂದು ಬಗೆ. ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾದ ಸ್ಥಿತಿ ಬಂದದ್ದರ ಹಿಂದೆ ಈ ಅಂದಾಜಿನ ದೋಷಕ್ಕೂ ಪಾಲಿದೆ ಎಂದು ನಾನು ನಂಬುತ್ತೇನೆ. ಒಂದು ಹಳ್ಳಿಯ ಕೆಲವು ಮನೆಗಳ ಹನ್ನೆರಡು ತಿಂಗಳ ಆದಾಯ ಮತ್ತು ಕಂತನ್ನು ಪಕ್ಕಪಕ್ಕ ಇಟ್ಟು ಬರೆಯುವ ವಿದ್ಯಾರ್ಥಿ ನಿಜವಾದ ಸೇವೆ ಮಾಡಿದಂತಾಗುತ್ತದೆ.

ಇದು ನನ್ನನ್ನು ಪ್ರಾಜೆಕ್ಟ್ ವರದಿಯ ವಿಷಯಕ್ಕೆ ತರುತ್ತದೆ. ಗ್ರಾಹಕರ ತೃಪ್ತಿ, ಡಿಜಿಟಲ್ ಬ್ಯಾಂಕಿಂಗ್ ಕುರಿತ ಅರಿವು ಎಂಬ ಶೀರ್ಷಿಕೆಗಳಡಿ, ಪರಿಚಯದವರಿಗೆ ಮೊಬೈಲಿನಲ್ಲಿ ಪ್ರಶ್ನಾವಳಿ ಕಳಿಸಿ, "ಬಹಳ ತೃಪ್ತಿ"ಯಿಂದ "ಬಹಳ ಅತೃಪ್ತಿ"ವರೆಗಿನ ಐದು ಕಲಮುಗಳನ್ನು ತುಂಬಿಸಿ, ಬಣ್ಣದ ಪೈ ಚಾರ್ಟುಗಳನ್ನು ಅಂಟಿಸಿದ ವರದಿಗಳನ್ನು ವರ್ಷವರ್ಷವೂ ನೋಡುತ್ತಿದ್ದೇವೆ. ಅಧ್ಯಾಪಕರಿಗೂ ಇದು ತಿಳಿಯದ ವಿಷಯವಲ್ಲ. ಒಬ್ಬೊಬ್ಬರ ಕೈಕೆಳಗೆ ಅಷ್ಟೊಂದು ವಿದ್ಯಾರ್ಥಿಗಳಿರುವಾಗ ಎಲ್ಲರನ್ನೂ ಹೊರಗೆ ಕರೆದೊಯ್ಯುವುದು ಸುಲಭವಲ್ಲ. ಆದರೂ ವಿದ್ಯಾರ್ಥಿಯೇ ಮನಸ್ಸು ಮಾಡಿದರೆ ದಾರಿಯಿದೆ. ಚನ್ನಗಿರಿಯ ಕಡೆಯವರು ಅಡಿಕೆ ಬೆಳೆಗಾರರು ಕೊಯ್ಲಾದ ಮಾಲನ್ನು ಬೆಲೆಗಾಗಿ ಎಷ್ಟು ತಿಂಗಳು ತಡೆದಿಡುತ್ತಾರೆ, ಆ ತಿಂಗಳುಗಳ ಬಡ್ಡಿ ಕಳೆದು ಅವರಿಗೆ ಉಳಿಯುವುದೆಷ್ಟು ಎಂದು ಬರೆಯಲಿ. ಚಳ್ಳಕೆರೆಯವರು ಒಂದು ಎಣ್ಣೆ ಗಿರಣಿಯ ದಾಸ್ತಾನು ಎಷ್ಟು ದಿನಕ್ಕೊಮ್ಮೆ ತಿರುಗುತ್ತದೆ ಎಂದು ಲೆಕ್ಕ ಹಾಕಲಿ. ಸೊಸೈಟಿಯ ಕಾರ್ಯದರ್ಶಿ, ದಲ್ಲಾಳಿ ಅಂಗಡಿಯ ಗುಮಾಸ್ತ, ಲೆಕ್ಕಪರಿಶೋಧಕರ ಕಚೇರಿಯ ಸಹಾಯಕ, ಇಂಥವರು ಹೆಸರು ಹಾಕುವುದಿಲ್ಲವೆಂದು ಭರವಸೆ ಕೊಟ್ಟರೆ ಹೇಳಿಕೊಡುತ್ತಾರೆ. ನಮ್ಮ ಕಡೆಯ ಜನ ಕಲಿಯಲು ಬಂದ ಹುಡುಗರನ್ನು ಬಾಗಿಲಿಂದ ಅಟ್ಟುವವರಲ್ಲ.

ಮೆಕ್ಕೆಜೋಳವನ್ನು ಆರಿಸಿಕೊಳ್ಳುವವರಿಗೆ ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ವರದಿ ಬರೆಯುವುದು ಸಾಮಾನ್ಯವಾಗಿ ಕೊನೆಯ ಸೆಮಿಸ್ಟರಿನಲ್ಲಿ. ಅಷ್ಟರಲ್ಲಿ ಸುಗ್ಗಿ ಮುಗಿದು ಗೋದಾಮುಗಳು ಖಾಲಿಯಾಗತೊಡಗಿರುತ್ತವೆ. ಆದ್ದರಿಂದ ಮೂರನೆಯ ಸೆಮಿಸ್ಟರಿನಲ್ಲಿಯೇ ಮಾರ್ಗದರ್ಶಕರನ್ನು ಕೇಳಿ ವಿಷಯ ಗೊತ್ತುಮಾಡಿಕೊಂಡು, ಅಕ್ಟೋಬರ್‌ನ ಮೊದಲ ಆವಕದ ದಿನದಿಂದಲೇ ಎ.ಪಿ.ಎಂ.ಸಿ. ಪ್ರಾಂಗಣಕ್ಕೆ ಹೋಗಿ ದಿನದ ಆವಕ, ಬೆಲೆ ಮತ್ತು ತೇವಾಂಶವನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ. ಹರಾಜು ನಡೆಯುವ ಹೊತ್ತನ್ನು ಮೊದಲೇ ವಿಚಾರಿಸಿಕೊಂಡು ಹೋದರೆ ತರಗತಿಯೂ ತಪ್ಪುವುದಿಲ್ಲ.